ಮಗ ಪ್ರಶ್ನೆ ಕೇಳಿದಾಗ: ಸೃಷ್ಟಿಕರ್ತನ ಕುರಿತು ಗೌರವದ ಸಂವಾದ

ಕಳೆದ ತಿಂಗಳ ಎರಡನೆಯ ಶುಕ್ರವಾರ ನಮ್ಮ ಮಸೀದಿಯ ಖುತ್ಬಾದ ವಿಷಯ ‘ಸಂವಾದದ ಶಿಷ್ಟಾಚಾರ’ ಎಂದಾಗಿತ್ತು. ಖತೀಬರು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 125ನೇ ವಚನವನ್ನು ಓದಿ, ಅದರಲ್ಲಿರುವ ಮೂರು ಸೂಚನೆಗಳನ್ನು ಬಿಡಿಸಿ ಹೇಳಿದರು. ಯುಕ್ತಿಯಿಂದ ಕರೆಯಬೇಕು. ಒಳ್ಳೆಯ ಉಪದೇಶದಿಂದ ಕರೆಯಬೇಕು. ವಾದ ಮಾಡಬೇಕಾಗಿ ಬಂದರೆ ಅತ್ಯುತ್ತಮ ರೀತಿಯಲ್ಲಿ ಮಾಡಬೇಕು. ಉಪದೇಶಕ್ಕೆ ‘ಒಳ್ಳೆಯದು’ ಎಂಬ ಷರತ್ತಿದ್ದರೆ, ವಾದಕ್ಕೆ ‘ಅತ್ಯುತ್ತಮ’ ಎಂಬ ಷರತ್ತಿದೆ, ಏಕೆಂದರೆ ಮನುಷ್ಯ ಹಾದಿ ತಪ್ಪುವುದು ವಾದದಲ್ಲೇ ಹೆಚ್ಚು ಎಂದು ಅವರು ವಿವರಿಸಿದರು.

ನಮಾಝ್ ಮುಗಿದು ಜನ ಚದುರಿದ ಮೇಲೆ ನಮ್ಮ ಜಮಾಅತಿನ ಒಬ್ಬರು ಹಿರಿಯರು ಜಗಲಿಯಲ್ಲಿ ಉಳಿದುಕೊಂಡರು. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವವರು, ಮಾತು ಕಡಿಮೆ. “ಉಸ್ತಾದ್, ಈ ಖುತ್ಬಾ ಬಕ್ರೀದಿಗೆ ಮುಂಚೆ ಆಗಿದ್ದರೆ ಚೆನ್ನಾಗಿತ್ತು” ಎಂದರು. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಅವರ ಮಗ ಹಬ್ಬಕ್ಕೆ ಬಂದಿದ್ದ. ಊಟದ ಹೊತ್ತಿಗೆ ಮಾತಿಗೆ ಮಾತು ಬೆಳೆದು, “ಅಬ್ಬಾ, ಎಲ್ಲವನ್ನೂ ಅಲ್ಲಾಹನು ಸೃಷ್ಟಿಸಿದ ಅಂತೀರಿ. ಹಾಗಾದರೆ ಸೃಷ್ಟಿಕರ್ತನನ್ನು ಸೃಷ್ಟಿಸಿದವರು ಯಾರು? ನನಗೆ ಸೃಷ್ಟಿಕರ್ತ ಇದ್ದಾನೆ ಅಂತಲೇ ಅನಿಸುತ್ತಿಲ್ಲ” ಎಂದುಬಿಟ್ಟ. ಇವರು ತಟ್ಟೆಯ ಮುಂದಿನಿಂದ ಎದ್ದರು. “ಹಾಗಾದರೆ ಈ ಮನೆಯಲ್ಲಿ ನಿನಗೇನು ಕೆಲಸ?” ಎಂದು ಕೇಳಿದರು. ಮರುದಿನ ಬೆಳಿಗ್ಗೆ ಹುಡುಗ ಬಸ್ಸು ಹತ್ತಿದ. ಆಮೇಲೆ ಫೋನ್ ತಾಯಿಗೆ ಮಾತ್ರ.

“ಅವನಿಗೆ ಏನು ಉತ್ತರ ಕೊಡಬೇಕು, ಹೇಳಿಕೊಡಿ” ಎಂದು ಅವರು ಕೇಳಿದರು. ಖತೀಬರು, “ಮೊದಲು ಫೋನ್ ಮಾಡಿ. ಉತ್ತರ ಆಮೇಲೆ” ಎಂದರು.

ಪಕ್ಕದಲ್ಲಿದ್ದ ನನಗೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಇದು ಒಂದೇ ಮನೆಯ ಕಥೆಯಲ್ಲ. ನಮ್ಮ ಮಕ್ಕಳು ಓದುತ್ತಾರೆ, ಎಲ್ಲ ಬಗೆಯ ಜನರೊಂದಿಗೆ ಬೆರೆಯುತ್ತಾರೆ, ಎಲ್ಲ ಬಗೆಯ ಮಾತು ಕೇಳುತ್ತಾರೆ. ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಎದುರಿಸುವ ರೀತಿ ನಮಗೆ ಗೊತ್ತಿಲ್ಲದಿದ್ದರೆ ಪ್ರಶ್ನೆಯ ಜೊತೆ ಮಗುವೂ ಕೈತಪ್ಪುತ್ತದೆ. ಆದ್ದರಿಂದ ಆ ಖುತ್ಬಾದ ಸಾರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ರೇಡಿಯೋದಲ್ಲಿ ನಡೆದ ಒಂದು ಸಂವಾದ

ಗೌರವದ ಸಂವಾದ ಎಂದರೆ ಏನೆಂದು ತಿಳಿಯಲು ಒಂದು ನಿಜ ಉದಾಹರಣೆ ನೋಡೋಣ. 1948ರ ಜನವರಿ 28ರಂದು ಲಂಡನ್ನಿನ ಬಿಬಿಸಿ ರೇಡಿಯೋ ಒಂದು ಚರ್ಚೆಯನ್ನು ಪ್ರಸಾರ ಮಾಡಿತು. ವಿಷಯ: ದೇವನ ಅಸ್ತಿತ್ವ. ಒಂದು ಕಡೆ ಬರ್ಟ್ರಂಡ್ ರಸೆಲ್. ಗಣಿತ ಮತ್ತು ತರ್ಕಶಾಸ್ತ್ರದಲ್ಲಿ ದೊಡ್ಡ ಹೆಸರು, ಧರ್ಮಗಳ ಕಟು ವಿಮರ್ಶಕ, ಎರಡು ವರ್ಷಗಳ ನಂತರ ಸಾಹಿತ್ಯದ ನೊಬೆಲ್ ಪ್ರಶಸ್ತಿ ಪಡೆದವರು. ಇನ್ನೊಂದು ಕಡೆ ಫ್ರೆಡರಿಕ್ ಕೊಪಲ್‌ಸ್ಟನ್. ಕ್ಯಾಥೊಲಿಕ್ ಪಾದ್ರಿ, ತತ್ವಶಾಸ್ತ್ರದ ಇತಿಹಾಸವನ್ನು ಅನೇಕ ಸಂಪುಟಗಳಲ್ಲಿ ಬರೆದ ವಿದ್ವಾಂಸ.

ಅವರು ಮೊಟ್ಟಮೊದಲು ಮಾಡಿದ ಕೆಲಸವನ್ನು ಗಮನಿಸಿ. ‘ದೇವ’ ಎಂಬ ಶಬ್ದಕ್ಕೆ ನಾವಿಬ್ಬರೂ ಒಂದೇ ಅರ್ಥ ಇಟ್ಟುಕೊಂಡಿದ್ದೇವೆಯೇ ಎಂದು ಕೊಪಲ್‌ಸ್ಟನ್ ವಿಚಾರಿಸಿದರು. ಜಗತ್ತಿನಿಂದ ಬೇರೆಯಾಗಿರುವ, ಜಗತ್ತನ್ನು ಸೃಷ್ಟಿಸಿದ, ಅರಿವು ಮತ್ತು ಇಚ್ಛೆಯುಳ್ಳ ಪರಮ ಅಸ್ತಿತ್ವ ಎಂಬ ಅರ್ಥಕ್ಕೆ ರಸೆಲ್ ಒಪ್ಪಿದರು. ಎರಡನೆಯದಾಗಿ, ದೇವನಿಲ್ಲ ಎಂದು ಸಾಬೀತು ಮಾಡಬಹುದು ಎನ್ನುವುದು ನಿಮ್ಮ ನಿಲುವೇ ಎಂದು ಕೊಪಲ್‌ಸ್ಟನ್ ಕೇಳಿದರು. ಇಲ್ಲ, ತನ್ನದು ಅಜ್ಞೇಯವಾದ, ಅಂದರೆ ‘ಇದ್ದಾನೆ ಅಥವಾ ಇಲ್ಲ ಎಂದು ತಿಳಿಯಲಾಗದು’ ಎಂಬ ನಿಲುವು ಎಂದು ರಸೆಲ್ ಸ್ಪಷ್ಟಪಡಿಸಿದರು. ಎದುರಾಳಿ ಏನು ಹೇಳುತ್ತಿದ್ದಾನೆಂದು ಅವನ ಬಾಯಿಂದಲೇ ಕೇಳಿ ತಿಳಿದ ಮೇಲೆಯೇ ವಾದ ಶುರುವಾಯಿತು.

ನಮ್ಮಲ್ಲಿ ಆಗುವುದು ಇದಕ್ಕೆ ಉಲ್ಟಾ. ಮಗ ‘ನನಗೆ ಅನುಮಾನವಿದೆ’ ಎನ್ನುತ್ತಾನೆ, ನಾವು ‘ನೀನು ನಾಸ್ತಿಕನಾದೆ’ ಎನ್ನುತ್ತೇವೆ. ಅವನು ಆಡದ ಮಾತಿಗೆ ಉತ್ತರ ಕೊಡುತ್ತಾ ಕೊನೆಗೆ ಅವನನ್ನು ಆ ಮಾತಿನೊಳಕ್ಕೇ ತಳ್ಳಿಬಿಡುತ್ತೇವೆ.

ಪ್ರಶ್ನೆಯ ಹಿಂದಿನ ಪ್ರಶ್ನೆ

ರೇಡಿಯೋದಲ್ಲಿ ಕೊಪಲ್‌ಸ್ಟನ್ ಮುಂದಿಟ್ಟ ಮುಖ್ಯ ವಾದದ ಬೇರು ನಮಗೆ ಅಪರಿಚಿತವಲ್ಲ. ಸುಮಾರು ಕ್ರಿ.ಶ. 980ರಲ್ಲಿ ಬುಖಾರಾದ ಬಳಿ ಹುಟ್ಟಿ 1037ರಲ್ಲಿ ಹಮದಾನಿನಲ್ಲಿ ತೀರಿಕೊಂಡ ಇಬ್ನ್ ಸೀನಾ ಅಸ್ತಿತ್ವವನ್ನು ಎರಡಾಗಿ ವಿಂಗಡಿಸಿದ್ದರು. ಒಂದು ‘ಮುಮ್ಕಿನ್’: ಇರಬಹುದು, ಇಲ್ಲದೆಯೂ ಇರಬಹುದಾದದ್ದು. ಇನ್ನೊಂದು ‘ವಾಜಿಬ್’: ಇಲ್ಲದಿರಲು ಸಾಧ್ಯವೇ ಇಲ್ಲದ್ದು, ತನ್ನ ಇರುವಿಕೆಗೆ ಬೇರೆಯವರನ್ನು ಅವಲಂಬಿಸದ್ದು. ಅವರ ಗ್ರಂಥಗಳು ಲ್ಯಾಟಿನ್ ಭಾಷೆಗೆ ಹೋದವು, ಯುರೋಪಿನ ಧರ್ಮಪಂಡಿತರು ಅವನ್ನು ಓದಿದರು. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಅವರಲ್ಲೊಬ್ಬರು. ಹಲವು ಕೈಗಳನ್ನು ದಾಟಿ ಬಂದ ಆ ವಿಚಾರಧಾರೆಯೇ 1948ರಲ್ಲಿ ರೇಡಿಯೋದಲ್ಲಿ ಕೇಳಿಬಂತು.

ಇದನ್ನು ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳೋಣ. ನೀವು ಒಬ್ಬರ ಬಳಿ ಸಾವಿರ ರೂಪಾಯಿ ಕೈಸಾಲ ಕೇಳಿದಿರಿ. ಅವರು, “ನನ್ನಲ್ಲಿಲ್ಲ, ಪಕ್ಕದವರಿಂದ ಸಾಲ ತಂದು ಕೊಡುತ್ತೇನೆ” ಎಂದರು. ಪಕ್ಕದವರೂ ಅದನ್ನೇ ಹೇಳಿದರು. ಅವರ ಪಕ್ಕದವರೂ ಅದನ್ನೇ ಹೇಳಿದರು. ಸಾಲು ಎಷ್ಟು ಉದ್ದವಾದರೂ, ಕೊನೆಯೇ ಇಲ್ಲದಿದ್ದರೂ, ಎಲ್ಲರೂ ಸಾಲ ತರುವವರೇ ಆಗಿದ್ದರೆ ನಿಮ್ಮ ಕೈಗೆ ಹಣ ಬರುವುದಿಲ್ಲ. ಹಣ ನಿಮ್ಮ ಕೈಗೆ ಬಂದಿದೆ ಎಂದರೆ, ಎಲ್ಲೋ ಒಬ್ಬರ ಬಳಿ ಸಾಲವಲ್ಲದ ಸ್ವಂತ ಹಣ ಇತ್ತೆಂದೇ ಅರ್ಥ. ನಮ್ಮ ಇರುವಿಕೆ ಸಾಲದ ಹಣದಂತೆ. ತಂದೆತಾಯಿ, ಅನ್ನ, ನೀರು, ಗಾಳಿ, ಸೂರ್ಯ ಹೀಗೆ ಒಂದರಿಂದ ಒಂದಕ್ಕೆ ಬಂದದ್ದು. ಸ್ವಂತ ಇರುವಿಕೆ ಇರುವ ಒಬ್ಬನಿಲ್ಲದೆ ಈ ಸಾಲು ನಿಲ್ಲದು ಎನ್ನುವುದು ವಾದ.

ಈಗ ಹುಡುಗನ ಪ್ರಶ್ನೆಗೆ ಬನ್ನಿ. ‘ಸೃಷ್ಟಿಕರ್ತನನ್ನು ಸೃಷ್ಟಿಸಿದವರು ಯಾರು’ ಎಂಬ ಪ್ರಶ್ನೆ ಹುಟ್ಟುವುದು ‘ಇರುವುದಕ್ಕೆಲ್ಲ ಒಬ್ಬ ಸೃಷ್ಟಿಕರ್ತ ಬೇಕು’ ಎಂದು ನಾವು ಅವಸರದಲ್ಲಿ ಹೇಳಿದಾಗ. ನಮ್ಮ ವಿದ್ವಾಂಸರು ಹಾಗೆ ಹೇಳಲಿಲ್ಲ. ಸಾಲ ಪಡೆದವನಿಗೆ ಸಾಲ ಕೊಟ್ಟವನು ಬೇಕು ಎಂದಷ್ಟೇ ಹೇಳಿದರು. ಸ್ವಂತ ಹಣವಿದ್ದವನಿಗೆ ಸಾಲ ಕೊಟ್ಟವರು ಯಾರು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಇಂತಹ ಪ್ರಶ್ನೆ ಜನರಲ್ಲಿ ಏಳುತ್ತದೆ, ಆಗ ಅಲ್ಲಾಹನ ಅಭಯ ಕೋರಿ ಅಲ್ಲಿಗೆ ನಿಲ್ಲಿಸಿ ಎಂದು ಪ್ರವಾದಿ ಮುಹಮ್ಮದ್(ಸ) ಹೇಳಿದ್ದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಇದು ಯೋಚಿಸುವವನ ಬಾಯಿ ಮುಚ್ಚಿಸುವ ಮಾತಲ್ಲ. ಕೊನೆಯಿಲ್ಲದ ಸರಪಳಿಯ ಹಿಂದೆ ಓಡಿ ಪ್ರಯೋಜನವಿಲ್ಲ ಎಂಬ ಎಚ್ಚರಿಕೆ.

ಎದುರಾಳಿಯ ಮಾತನ್ನೂ ಪೂರ್ತಿ ಕೇಳಬೇಕು

ಇಷ್ಟಕ್ಕೆ ಚರ್ಚೆ ಮುಗಿಯಿತೆಂದು ನಾವು ಎದ್ದು ಹೋದರೆ ಅದು ನ್ಯಾಯವಲ್ಲ. ರಸೆಲ್ ಇದಕ್ಕೆ ಒಂದು ಗಟ್ಟಿಯಾದ ಉತ್ತರ ಕೊಟ್ಟರು. ಪ್ರತಿಯೊಬ್ಬ ಮನುಷ್ಯನಿಗೂ ತಾಯಿಯಿದ್ದಾಳೆ ನಿಜ, ಅದರಿಂದ ಇಡೀ ಮನುಷ್ಯಕುಲಕ್ಕೆ ಒಬ್ಬ ತಾಯಿ ಇರಬೇಕೆಂದಾಗುತ್ತದೆಯೇ? ಒಳಗಿನ ಒಂದೊಂದು ವಸ್ತುವಿಗೂ ಕಾರಣವಿದೆ ಎಂದ ಮಾತ್ರಕ್ಕೆ ಒಟ್ಟು ವಿಶ್ವಕ್ಕೂ ಕಾರಣ ಇರಬೇಕೆಂದಿಲ್ಲ. ವಿಶ್ವ ಇದೆ, ಅಷ್ಟೇ. ಇದು ಅವರ ನಿಲುವು.

ಕೊಪಲ್‌ಸ್ಟನ್ ಇದನ್ನು ಹೀಗೆ ಎದುರಿಸಿದರು: ನಾನು ಸಾಲಿನ ಮೊದಲ ಕೊಂಡಿಯನ್ನು ಹುಡುಕುತ್ತಿಲ್ಲ. ಇಡೀ ಸಾಲು, ಅದು ಅನಂತವೇ ಆಗಿರಲಿ, ಏಕೆ ಇದೆ ಎಂದು ಕೇಳುತ್ತಿದ್ದೇನೆ. ಆ ಪ್ರಶ್ನೆಯನ್ನೇ ಬೇಡವೆನ್ನುವುದು ಚದುರಂಗದ ಹಲಗೆಯ ಮುಂದೆ ಕೂರಲು ಒಪ್ಪದಂತೆ. ಕೂರದವನನ್ನು ಸೋಲಿಸಲಾಗದು. ರಸೆಲ್ ತಮ್ಮ ನಿಲುವು ಬಿಡಲಿಲ್ಲ. ಮುಂದೆ ಧಾರ್ಮಿಕ ಅನುಭವ, ನೈತಿಕತೆಯ ಮೂಲ ಇವುಗಳ ಬಗ್ಗೆ ಮಾತಾಯಿತು. ಯಾರೂ ಯಾರನ್ನೂ ಸೋಲಿಸಲಿಲ್ಲ. ಯಾರೂ ಕೂಗಾಡಲಿಲ್ಲ, ಒಬ್ಬರನ್ನೊಬ್ಬರು ಮೂರ್ಖರೆನ್ನಲಿಲ್ಲ. ಅವರ ಮಾತುಗಳನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ.

ನಾಸ್ತಿಕನು ‘ವಿಶ್ವವೇ ಆ ಸ್ವಂತ ಹಣ ಇರುವವನು ಯಾಕಾಗಬಾರದು’ ಎಂದೂ ಕೇಳಬಹುದು. ಬದಲಾಗುವ, ಬಿಡಿಬಿಡಿ ಭಾಗಗಳಿಂದ ಕೂಡಿದ, ಬೇರೆ ರೀತಿಯಲ್ಲೂ ಇರಬಹುದಾಗಿದ್ದ ಒಂದು ವಸ್ತು ‘ವಾಜಿಬ್’ ಆಗಲಾರದು ಎಂಬುದು ನಮ್ಮ ವಿದ್ವಾಂಸರ ಉತ್ತರ. ನನಗೆ ಈ ಉತ್ತರ ಸಾಕು. ಆದರೆ ಕೇಳುವವನಿಗೆ ಸಾಕಾಗದಿದ್ದರೆ ಅವನನ್ನು ಹಟಮಾರಿ ಎನ್ನುವ ಹಕ್ಕು ನನಗಿಲ್ಲ. ಅವನ ಮನಸ್ಸನ್ನು ತಿರುಗಿಸುವವನು ಅಲ್ಲಾಹನು.

ಕುರ್‌ಆನ್ ಇದೇ ಪ್ರಶ್ನೆಯನ್ನು ಬಹಳ ಚಿಕ್ಕದಾಗಿ ಕೇಳುತ್ತದೆ. ಅತ್ತೂರ್ ಅಧ್ಯಾಯದ 35ನೇ ವಚನದ ತಾತ್ಪರ್ಯ ಇದು: ಇವರು ಏನೂ ಇಲ್ಲದುದರಿಂದ ಉಂಟಾದರೇ, ಅಥವಾ ಇವರೇ ಸೃಷ್ಟಿಕರ್ತರೇ? ಇದು ಆಜ್ಞೆಯಲ್ಲ, ಪ್ರಶ್ನೆ. ಬದ್ರ್ ಯುದ್ಧದ ಕೈದಿಗಳ ವಿಚಾರವಾಗಿ ಮದೀನಾಕ್ಕೆ ಬಂದಿದ್ದ ಜುಬೈರ್ ಬಿನ್ ಮುತ್‌ಇಮ್ ಆಗಿನ್ನೂ ಮುಸ್ಲಿಮರಾಗಿರಲಿಲ್ಲ. ಪ್ರವಾದಿ(ಸ)ಯವರು ಮಗ್ರಿಬ್ ನಮಾಝಿನಲ್ಲಿ ಈ ಅಧ್ಯಾಯವನ್ನು ಓದುತ್ತಿದ್ದುದನ್ನು ಅವರು ಕೇಳಿಸಿಕೊಂಡರು. ಈ ವಚನಗಳು ಕಿವಿಗೆ ಬಿದ್ದಾಗ ತನ್ನ ಹೃದಯ ಹಾರಿಹೋಗುವಂತಾಯಿತು ಎಂದು ಅವರೇ ಮುಂದೆ ಹೇಳಿದ್ದು ಬುಖಾರಿಯಲ್ಲಿದೆ. ಎದುರು ಪಾಳೆಯದಿಂದ ಬಂದವರ ಹೃದಯದೊಳಕ್ಕೆ ಇಳಿದದ್ದು ಒಂದು ಪ್ರಶ್ನೆ.

ಸುಲಭದ ಉತ್ತರಗಳ ಅಪಾಯ

ನಮ್ಮ ಮದ್ರಸಗಳಲ್ಲಿ ಇಮಾಮ್ ಅಬೂ ಹನೀಫಾ(ರಹ)ರ ದೋಣಿಯ ಕಥೆಯನ್ನು ಎಲ್ಲರೂ ಕೇಳಿರುತ್ತೇವೆ. ನಾಸ್ತಿಕನೊಂದಿಗಿನ ವಾದಕ್ಕೆ ಇಮಾಮರು ತಡವಾಗಿ ಬರುತ್ತಾರೆ. ನದಿ ದಾಟಲು ದೋಣಿಯಿರಲಿಲ್ಲ, ಅಷ್ಟರಲ್ಲಿ ಮರ ತಾನಾಗಿ ಬಿದ್ದು, ತಾನಾಗಿ ಹಲಗೆಯಾಗಿ, ತಾನಾಗಿ ದೋಣಿಯಾಗಿ ನನ್ನನ್ನು ದಾಟಿಸಿತು ಎನ್ನುತ್ತಾರೆ. ನಾಸ್ತಿಕ ನಗುತ್ತಾನೆ. ಒಂದು ದೋಣಿ ತಾನಾಗಿ ಆಗದಿದ್ದರೆ ಈ ವಿಶ್ವ ಹೇಗಾಯಿತು ಎಂದು ಇಮಾಮರು ಕೇಳುತ್ತಾರೆ.

ಮಕ್ಕಳಿಗೆ ಹೇಳಲು ಒಳ್ಳೆಯ ಕಥೆ. ಆದರೆ ಜೀವಶಾಸ್ತ್ರ ಓದಿದ ಹುಡುಗನಿಗೆ ಇದನ್ನಷ್ಟೇ ಹೇಳಿ ಕುಳಿತುಕೊಂಡರೆ ಸಾಲದು. ದೋಣಿ ಮರಿ ಹಾಕುವುದಿಲ್ಲ, ಜೀವಿಗಳು ಸಂತಾನ ಪಡೆಯುತ್ತವೆ, ಸಣ್ಣ ಸಣ್ಣ ಬದಲಾವಣೆಗಳು ಬಹುಕಾಲ ಕೂಡುತ್ತಾ ಹೋದರೆ ವ್ಯವಸ್ಥೆ ಉಂಟಾಗುತ್ತದೆ ಎಂದು 1859ರಲ್ಲಿ ಡಾರ್ವಿನ್ ಬರೆದದ್ದನ್ನು ಅವನು ಓದಿರುತ್ತಾನೆ. ಅವನಿಗೆ ಹೇಳಬೇಕಾದದ್ದು ಬೇರೆ: ಜೀವಿಗಳು ಹೇಗೆ ರೂಪುಗೊಂಡವು ಎಂಬುದು ಒಂದು ಪ್ರಶ್ನೆ. ಹೀಗೆ ರೂಪುಗೊಳ್ಳಲು ಬೇಕಾದ ನಿಯಮಗಳು, ಪದಾರ್ಥ, ಈ ಇಡೀ ಏರ್ಪಾಡು ಏಕೆ ಇದೆ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದು ಮುಗಿಯುವುದಿಲ್ಲ.

ಇದರ ಇನ್ನೊಂದು ಬದಿಯೂ ಇದೆ. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷಗಳಾಗಿವೆ, ಅದು ವಿಸ್ತಾರವಾಗುತ್ತಲೇ ಇದೆ ಎಂದು ವಿಜ್ಞಾನಿಗಳು ಹೇಳಿದ ಕೂಡಲೇ ನಮ್ಮಲ್ಲಿ ಕೆಲವರು ‘ವಿಜ್ಞಾನ ಸೃಷ್ಟಿಕರ್ತನನ್ನು ಸಾಬೀತು ಮಾಡಿತು’ ಎಂದು ಸಂಭ್ರಮಿಸುತ್ತಾರೆ. ‘ಆರಂಭವಿರುವುದಕ್ಕೆಲ್ಲ ಕಾರಣವಿದೆ, ವಿಶ್ವಕ್ಕೆ ಆರಂಭವಿದೆ’ ಎಂಬ ಇಮಾಮ್ ಗಝ್ಝಾಲಿ(ರಹ)ಯವರ ವಾದಕ್ಕೆ ಈ ಅರಿವು ಹತ್ತಿರವಾಗಿದೆ ನಿಜ. ಆದರೆ ಈ ಸಿದ್ಧಾಂತಕ್ಕೆ ಮೊದಲು ರೂಪ ಕೊಟ್ಟವರಲ್ಲೊಬ್ಬರಾದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಪಾದ್ರಿಯಾಗಿದ್ದರೂ, ತನ್ನ ಭೌತಶಾಸ್ತ್ರವನ್ನು ಧರ್ಮದ ಪುರಾವೆಯಾಗಿ ಬಳಸಲು ಇಷ್ಟಪಡಲಿಲ್ಲ. ವಿಜ್ಞಾನದ ಸಿದ್ಧಾಂತ ನಾಳೆ ತಿದ್ದುಪಡಿಯಾಗಬಹುದು. ನಮ್ಮ ಈಮಾನನ್ನು ಅದರ ಮೇಲೆ ಕಟ್ಟಿದರೆ ಅಂದು ಈಮಾನೂ ಅಲುಗಾಡುತ್ತದೆ.

ಇದಕ್ಕೆ ಪ್ರವಾದಿ(ಸ)ಯವರ ಬದುಕಿನಲ್ಲೇ ಮಾದರಿಯಿದೆ. ಹಿಜರಿ 10ರಲ್ಲಿ ಅವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗನ ಮರಣಕ್ಕೆ ಸೂರ್ಯನೂ ಕಂದಿದ ಎಂದು ಜನ ಮಾತಾಡಿಕೊಂಡರು. ಸುಮ್ಮನಿದ್ದಿದ್ದರೆ ಆ ಮಾತು ಊರೆಲ್ಲ ಹರಡುತ್ತಿತ್ತು, ಅನೇಕರು ಅದನ್ನು ಪವಾಡವೆಂದು ನಂಬುತ್ತಿದ್ದರು. ಅವರು ಸುಮ್ಮನಿರಲಿಲ್ಲ. ಸೂರ್ಯಚಂದ್ರರಿಗೆ ಯಾರ ಸಾವಿನಿಂದಲೂ ಯಾರ ಹುಟ್ಟಿನಿಂದಲೂ ಗ್ರಹಣ ಹಿಡಿಯುವುದಿಲ್ಲ, ಅವು ಅಲ್ಲಾಹನ ನಿದರ್ಶನಗಳು ಎಂದು ತಿಳಿಸಿದರು. ತನ್ನ ಪರವಾಗಿ ಬಂದ ತಪ್ಪು ಪುರಾವೆಯನ್ನೂ ಅವರು ತಿರಸ್ಕರಿಸಿದರು. ಧರ್ಮದ ಪರವಾಗಿದೆ ಎಂಬ ಒಂದೇ ಕಾರಣಕ್ಕೆ ಸುಳ್ಳು ಸಂದೇಶಗಳನ್ನು ಮೊಬೈಲಿನಲ್ಲಿ ಹಂಚುವ ನಾವು ಇದನ್ನು ನೆನಪಿಡಬೇಕು.

ಇಮಾಮ್ ಗಝ್ಝಾಲಿ(ರಹ) ಇದೇ ಗ್ರಹಣದ ಉದಾಹರಣೆಯನ್ನು ಎತ್ತಿಕೊಂಡು, ಲೆಕ್ಕಾಚಾರದಿಂದ ಖಚಿತವಾದುದನ್ನು ಧರ್ಮದ ಹೆಸರಿನಲ್ಲಿ ನಿರಾಕರಿಸುವವನು ಧರ್ಮಕ್ಕೆ ಹಾನಿ ಮಾಡುತ್ತಾನೆ ಎಂದು ಎಚ್ಚರಿಸಿದರು. ಅವರು ತತ್ವಜ್ಞಾನಿಗಳನ್ನು ಖಂಡಿಸುವ ಮೊದಲು, ಅವರ ವಿಚಾರಗಳನ್ನು ನಿಷ್ಪಕ್ಷವಾಗಿ ವಿವರಿಸುವ ಒಂದು ಪ್ರತ್ಯೇಕ ಗ್ರಂಥವನ್ನೇ ಬರೆದರು. ಅವರ ಖಂಡನೆಗೆ ಮುಂದೆ ಸ್ಪೇನಿನ ಇಬ್ನ್ ರುಶ್ದ್ ಗ್ರಂಥರೂಪದಲ್ಲೇ ಮರುಖಂಡನೆ ಬರೆದರು. ನಮ್ಮ ಹಿರಿಯರು ವಾದ ಮಾಡುತ್ತಿದ್ದ ರೀತಿ ಇದು.

ವಾದದೊಳಗಿನ ನೋವು

ನಾಸ್ತಿಕರ ಅತ್ಯಂತ ಬಲವಾದ ಪ್ರಶ್ನೆ ಸಾಲದ ಸರಪಳಿಯದಲ್ಲ. ಅದು ನೋವಿನದು: ಕರುಣಾಮಯಿಯಾದ ಸರ್ವಶಕ್ತನಿದ್ದರೆ ಏನೂ ಅರಿಯದ ಮಕ್ಕಳು ಏಕೆ ನರಳುತ್ತಾರೆ? ಕನ್ನಡದಲ್ಲಿ ಎ.ಎನ್. ಮೂರ್ತಿರಾಯರು ತಮ್ಮ ಮುಪ್ಪಿನಲ್ಲಿ ‘ದೇವರು’ ಎಂಬ ಪುಸ್ತಕ ಬರೆದು ದೇವರ ಅಸ್ತಿತ್ವವನ್ನು ಪ್ರಶ್ನಿಸಿದರು. ನಮ್ಮ ಮಕ್ಕಳು ಅದನ್ನು ಓದಿದರೆ ಬೆಚ್ಚಿಬೀಳಬೇಕಾಗಿಲ್ಲ. ಓದಿ ಬಂದು ಮಾತಾಡುವಂತಹ ಮನೆ ಇದೆಯೇ ಎಂಬುದು ಮುಖ್ಯ.

ನೋವಿನ ಪ್ರಶ್ನೆಗೆ ನಮ್ಮಲ್ಲಿ ಉತ್ತರಗಳಿವೆ. ಈ ಲೋಕ ಪರೀಕ್ಷೆಯ ಲೋಕ, ಲೆಕ್ಕ ಚುಕ್ತಾ ಆಗುವುದು ಪರಲೋಕದಲ್ಲಿ. ಮೂಸಾ(ಅ)ರು ಅಲ್‌ಕಹ್ಫ್ ಅಧ್ಯಾಯದಲ್ಲಿ ಕಂಡಂತೆ, ಹೊರಗಿನಿಂದ ಅನ್ಯಾಯವಾಗಿ ಕಾಣುವ ಘಟನೆಗಳ ಹಿಂದೆ ನಮ್ಮ ಅರಿವಿಗೆ ಬಾರದ ಯುಕ್ತಿಯಿರುತ್ತದೆ. ವಿಶ್ವಾಸಿಗೆ ಇವು ಆಸರೆ. ಆದರೆ ನೋವಿನಲ್ಲಿರುವವನ ಮುಖಕ್ಕೆ ಇದನ್ನು ಪಾಠದಂತೆ ಒಪ್ಪಿಸುವುದು ಕ್ರೂರವಾದೀತು. ಮಗನನ್ನು ಕಳೆದುಕೊಂಡ ಆ ದಿನ ಪ್ರವಾದಿ(ಸ)ಯವರ ಕಣ್ಣಲ್ಲಿ ನೀರು ಬಂತು. ಕಣ್ಣು ಅಳುತ್ತದೆ, ಹೃದಯ ದುಃಖಿಸುತ್ತದೆ, ಬಾಯಿ ಮಾತ್ರ ಪ್ರಭುವಿಗೆ ಮೆಚ್ಚುಗೆಯಾಗುವುದನ್ನೇ ಆಡುತ್ತದೆ ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಅವರು ಅತ್ತರು. ಆಮೇಲೆ ಈ ಮಾತು ಆಡಿದರು.

ಒಂದೇ ನಾಡಿನಲ್ಲಿ ಒಟ್ಟಿಗೆ ಬಾಳುವುದು

ಭಿನ್ನ ನಿಲುವಿನವರು ಒಟ್ಟಿಗೆ ಕೆಲಸ ಮಾಡಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, ಪ್ರಖರ ನಾಸ್ತಿಕರು. ಅಸ್ಪೃಶ್ಯತೆಯ ವಿರುದ್ಧ ದುಡಿದವರು. ಅವರು ಸೇವಾಗ್ರಾಮದಲ್ಲಿ ಗಾಂಧೀಜಿಯವರನ್ನು ಕಂಡು ನಾಸ್ತಿಕತೆಯ ಕುರಿತು ದೀರ್ಘವಾಗಿ ಚರ್ಚಿಸಿದರು. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಮದುವೆ ಮಾಡಿಕೊಡಲು ಮುಂದಾದಾಗ, ಆ ಮದುವೆ ಆಶ್ರಮದಲ್ಲಿ ನಡೆಯಲು, ವಿಧಿಯಲ್ಲಿ ‘ದೇವರು’ ಎಂಬುದರ ಬದಲು ‘ಸತ್ಯ’ ಎಂದು ಹೇಳಲು ಗಾಂಧೀಜಿ ಒಪ್ಪಿದ್ದರು. ದಿನಕ್ಕೆರಡು ಬಾರಿ ಪ್ರಾರ್ಥಿಸುತ್ತಿದ್ದ ಗಾಂಧೀಜಿ ತಮ್ಮ ಪ್ರಾರ್ಥನೆಯನ್ನು ಬಿಡಲಿಲ್ಲ, ಗೋರಾ ತಮ್ಮ ನಿಲುವನ್ನು ಬಿಡಲಿಲ್ಲ. ಲಂಡನ್ನಿನ ಆ ರೇಡಿಯೋ ಚರ್ಚೆ ಪ್ರಸಾರವಾದ ಎರಡು ದಿನಕ್ಕೆ, 1948ರ ಜನವರಿ 30ರಂದು, ಗಾಂಧೀಜಿಯವರ ಹತ್ಯೆಯಾಯಿತು. ಕೊಂದವನು ನಾಸ್ತಿಕನಾಗಿರಲಿಲ್ಲ.

ನಾವು ವಿಶ್ವಾಸದಲ್ಲಿ ರಾಜಿ ಮಾಡಿಕೊಳ್ಳಬೇಕೆಂದು ಇದರ ಅರ್ಥವಲ್ಲ. ತೌಹೀದ್ ನಮ್ಮ ಉಸಿರು. ಆದರೆ ಇತರರು ಪೂಜಿಸುವವುಗಳನ್ನು ನಿಂದಿಸಬೇಡಿ, ಅವರು ಅರಿವಿಲ್ಲದೆ ಅಲ್ಲಾಹನನ್ನು ನಿಂದಿಸಿಯಾರು ಎಂದು ಅಲ್‌ಅನ್ಆಮ್ ಅಧ್ಯಾಯದ 108ನೇ ವಚನ ತಡೆಯುತ್ತದೆ. ಅದೇ ಕಾರಣ ನಾಸ್ತಿಕನನ್ನು ಗೇಲಿ ಮಾಡುವುದಕ್ಕೂ ಅನ್ವಯಿಸುವುದಿಲ್ಲವೇ? ಫಿರ್‌ಔನನ ಬಳಿ ಹೋಗುವ ಮೂಸಾ ಮತ್ತು ಹಾರೂನ್(ಅ)ರಿಗೆ ಮೃದುವಾಗಿ ಮಾತಾಡಿ ಎಂಬ ಆದೇಶವಾಯಿತು (ತಾಹಾ: 44). ಸಬಅ್ ಅಧ್ಯಾಯದ 24ನೇ ವಚನದಲ್ಲಿ, ನಾವು ಅಥವಾ ನೀವು, ಇಬ್ಬರಲ್ಲೊಬ್ಬರು ಸನ್ಮಾರ್ಗದಲ್ಲೋ ಸ್ಪಷ್ಟ ತಪ್ಪಿನಲ್ಲೋ ಇದ್ದೇವೆ ಎಂಬ ಅರ್ಥದಲ್ಲಿ ಎದುರಾಳಿಗಳೊಡನೆ ಮಾತಾಡಲು ಪ್ರವಾದಿ(ಸ)ಯವರಿಗೇ ಕಲಿಸಲಾಗಿದೆ. ಸತ್ಯದ ಬಗ್ಗೆ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೂ ಎದುರಿನವನು ಕುಳಿತು ಯೋಚಿಸಲು ಜಾಗ ಬಿಡುವ ಮಾತು ಅದು.

ಮನೆಯಲ್ಲಿ ಪಾಲಿಸಬಹುದಾದ ಕೆಲವು ವಿಷಯಗಳು

ಖತೀಬರು ಅಂದು ಜಗಲಿಯಲ್ಲಿ ಹೇಳಿದ್ದನ್ನೂ ನನಗೆ ತೋಚಿದ್ದನ್ನೂ ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

1. ಪ್ರಶ್ನೆಯನ್ನು ಪೂರ್ತಿ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. “ನೀನು ಹೇಳುತ್ತಿರುವುದು ಹೀಗಾ?” ಎಂದು ಅವನ ಮಾತನ್ನು ಅವನಿಗೇ ಒಪ್ಪುವಂತೆ ಮರಳಿ ಹೇಳಿ. ಅವನು ಹೌದೆಂದ ಮೇಲೆ ಉತ್ತರಿಸಿ.

2. ಪ್ರಶ್ನೆ ಬಂದ ಕೂಡಲೇ ಈಮಾನ್ ಹೋಯಿತೆಂದು ತೀರ್ಪು ಕೊಡಬೇಡಿ. ಬಾಯಿಬಿಟ್ಟು ಹೇಳಲೂ ಹೆದರಿಕೆಯಾಗುವಂತಹ ಯೋಚನೆಗಳು ಮನಸ್ಸಿಗೆ ಬರುತ್ತವೆ ಎಂದು ಸಹಾಬಿಗಳು ದೂರಿಕೊಂಡಾಗ, ಆ ಅಳುಕೇ ಸ್ಪಷ್ಟ ಈಮಾನ್ ಎಂದು ಪ್ರವಾದಿ(ಸ)ಯವರು ಸಮಾಧಾನ ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮೃತರನ್ನು ಹೇಗೆ ಬದುಕಿಸುತ್ತೀ ತೋರಿಸು ಎಂದು ಕೇಳಿದ ಇಬ್ರಾಹೀಮ್(ಅ)ರನ್ನು ಅಲ್ಲಾಹನು ಗದರಲಿಲ್ಲ. ಮನಸ್ಸಿನ ಸಮಾಧಾನಕ್ಕಾಗಿ ಎಂದ ಅವರಿಗೆ ತೋರಿಸಿಕೊಟ್ಟನು (ಅಲ್‌ಬಕರ: 260).

3. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಇಬ್ಬರೂ ಸೇರಿ ತಿಳಿಯೋಣ” ಎನ್ನಿ. ತಂದೆಯ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ಗೊತ್ತಿದೆಯೆಂದು ನಟಿಸಿ ಸಿಕ್ಕಿಬಿದ್ದರೆ ಖಂಡಿತ ಕಡಿಮೆಯಾಗುತ್ತದೆ.

4. ನೆಂಟರಿಷ್ಟರ ಮುಂದೆ ಅವನ ಪ್ರಶ್ನೆಯನ್ನು ಎತ್ತಬೇಡಿ. ನಾಲ್ಕು ಜನರ ಮುಂದೆ ಸೋಲಲು ಯಾರಿಗೂ ಇಷ್ಟವಿಲ್ಲ. ಮಾನ ಉಳಿಸಿಕೊಳ್ಳಲು ಹೇಳಿದ ಮಾತು ಆಮೇಲೆ ನಿಲುವಾಗಿಬಿಡುತ್ತದೆ.

5. ಅನ್ನ, ಫೀಸು, ಮನೆಯ ಬಾಗಿಲು ಇವುಗಳನ್ನು ವಾದದ ಆಯುಧ ಮಾಡಬೇಡಿ. ಧರ್ಮದಲ್ಲಿ ಬಲಾತ್ಕಾರವಿಲ್ಲ (ಅಲ್‌ಬಕರ: 256). ಹೆದರಿಕೆಯಿಂದ ಮಾಡಿದ ನಮಾಝ್ ನಮಗೆ ಕಾಣುತ್ತದೆ, ಅಲ್ಲಾಹನ ಬಳಿ ಅದರ ಲೆಕ್ಕ ಬೇರೆ.

6. ವಾದ ಬಿಸಿಯಾದರೆ ನಿಲ್ಲಿಸಿ. ತನ್ನ ಕಡೆ ಸತ್ಯವಿದ್ದರೂ ಜಗಳದ ವಾದವನ್ನು ಬಿಟ್ಟವನಿಗೆ ಸ್ವರ್ಗದ ಅಂಚಿನಲ್ಲಿ ಮನೆಯ ಭರವಸೆಯಿರುವ ಹದೀಸ್ ಅಬೂದಾವೂದ್‌ನಲ್ಲಿದೆ.

7. ದುಆ ಮಾಡಿ. ನಮ್ಮ ಕೈಯಲ್ಲಿರುವುದು ತಲುಪಿಸುವುದು ಮಾತ್ರ. ಹೃದಯಗಳ ಒಡೆಯನು ಬೇರೆ.

ಫೋನ್ ಮಾಡಿದ ಮೇಲೆ

ಆ ಹಿರಿಯರು ಅಂದೇ ಅಸರ್ ನಮಾಝಿನ ಬಳಿಕ ಫೋನ್ ಮಾಡಿದರಂತೆ. ಮೂರನೇ ಸಲಕ್ಕೆ ಮಗ ಎತ್ತಿದ. “ನಾನು ಅಂದು ಹಾಗೆ ಹೇಳಬಾರದಿತ್ತು ಮಗಾ” ಎಂದರು. ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವನು ಹೇಳಿದ ವಿಷಯ ಇವರಿಗೆ ಗೊತ್ತೇ ಇರಲಿಲ್ಲ. ಹಾಸ್ಟೆಲಿನಲ್ಲಿ ಅವನ ಕೋಣೆಯ ಗೆಳೆಯನ ತಂಗಿ, ಏಳು ವರ್ಷದ ಹುಡುಗಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ರಕ್ತ ಕೊಡಲು ಇವನೂ ಎರಡು ಸಲ ಹೋಗಿದ್ದ. ದಫನಾದ ದಿನ ಯಾರೋ ಒಬ್ಬರು ಆ ತಂದೆಯ ಹತ್ತಿರ, ನಿಮ್ಮ ಯಾವುದೋ ಪಾಪಕ್ಕೆ ಅಲ್ಲಾಹನು ಕೊಟ್ಟ ಶಿಕ್ಷೆಯಿರಬೇಕು ಎಂದು ಹೇಳಿದ್ದನ್ನು ಇವನು ಕೇಳಿಸಿಕೊಂಡಿದ್ದ. ‘ಸೃಷ್ಟಿಕರ್ತನನ್ನು ಸೃಷ್ಟಿಸಿದವರು ಯಾರು’ ಎಂಬ ಪ್ರಶ್ನೆಯ ಒಳಗೆ ಆ ಮಗು ಇತ್ತು.

ಇವರು ಇಬ್ನ್ ಸೀನಾರ ವಾದ ಹೇಳಲಿಲ್ಲ. ಆ ಮಗುವಿನ ಹೆಸರು ಕೇಳಿದರು. ಅಂತಹ ಮಾತು ಆಡುವ ಹಕ್ಕು ಯಾರಿಗೂ ಇಲ್ಲ, ಆ ಮಗು ಅಲ್ಲಾಹನ ಕರುಣೆಯಲ್ಲಿದೆ ಎಂಬುದು ನಮ್ಮ ನಂಬಿಕೆ ಎಂದರು. ಗೆಳೆಯನನ್ನು ರಜೆಯಲ್ಲಿ ಮನೆಗೆ ಕರೆದುಕೊಂಡು ಬಾ ಎಂದರು.

ಹುಡುಗನ ಅನುಮಾನ ತೀರಿತೇ ಎಂದು ಮೊನ್ನೆ ಕೇಳಿದೆ. “ಇಲ್ಲ” ಎಂದರು. “ವಾರಕ್ಕೊಮ್ಮೆ ಫೋನಿನಲ್ಲಿ ವಾದ ಮಾಡುತ್ತಾನೆ. ಸಾಲದ ಉದಾಹರಣೆ ಹೇಳಿದೆ. ಅದರಲ್ಲಿ ತಪ್ಪು ಹುಡುಕುತ್ತಿದ್ದಾನೆ.” ಹೇಳುವಾಗ ಅವರ ಮುಖದಲ್ಲಿ ಬೇಸರವಿರಲಿಲ್ಲ. ವಾದ ಮಾಡುತ್ತಿದ್ದಾನೆ ಎಂದರೆ ಮಾತಾಡುತ್ತಿದ್ದಾನೆ.

ಅಲ್ಲಾಹನು ನಮ್ಮ ಮಕ್ಕಳ ಹೃದಯಗಳಿಗೆ ಸತ್ಯದ ನೆಮ್ಮದಿಯನ್ನು ನೀಡಲಿ. ಅವರ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳುವ ಕಿವಿಯನ್ನು ನಮಗೆ ಕರುಣಿಸಲಿ. ಭಿನ್ನ ನಿಲುವಿನವರೊಂದಿಗೆ ಅತ್ಯುತ್ತಮ ರೀತಿಯಲ್ಲಿ ಮಾತಾಡುವ ತೌಫೀಕ್ ಕೊಡಲಿ. ಆಮೀನ್.